ಹ್ಮಾಂಗ್ ಹಳ್ಳಿಗಳಲ್ಲಿ ಡೆಂಗಿ ಪಾಠ: ಅನುಮತಿ ಪತ್ರದಿಂದ ಡ್ರಮ್ಮಿನ ಅಂಚಿನವರೆಗೆ

ಲಾವೋಸ್‌ನ ವಿಯೆಂಟಿಯಾನ್ ಪ್ರಾಂತ್ಯದಲ್ಲಿ, 13ನೇ ಹೆದ್ದಾರಿಯ ಆಸುಪಾಸಿನಲ್ಲಿರುವ, ಹ್ಮಾಂಗ್ ಎಂಬ ಗುಡ್ಡಗಾಡು ಜನಾಂಗದ ಹಳ್ಳಿಗಳಲ್ಲಿ ನಡೆದ ಡೆಂಗಿ ತಡೆ ತರಬೇತಿ ಈಗಷ್ಟೇ ಮುಗಿದಿದೆ. ಇಲ್ಲಿ ಭಾಷಣ, ಭಿತ್ತಿಪತ್ರಗಳಿರಲಿಲ್ಲ. ಜನ ತಮ್ಮ ಮನೆಯ ನೀರಿನಲ್ಲೇ ಸೊಳ್ಳೆ ಹುಟ್ಟುವುದನ್ನು ಕಣ್ಣಾರೆ ನೋಡಿ, ಕೈಯಾರೆ ಕೆಲಸ ಮಾಡಿ ಕಲಿಯುವ ಕ್ರಮ ಇದು. ಎಲ್ಲಿ ಕಾಯಬೇಕಾಗುತ್ತದೆ, ಯಾವ ಸಾಮಾನು ಬೇಕು, ಯಾವುದು ಯಾಕೆ ಕೈಕೊಡುತ್ತದೆ ಎಂದು ಮೊದಲೇ ಗೊತ್ತಿದ್ದರೆ ಮುಂದೆ ಹೊರಡುವವರಿಗೆ ಒಂದು ಮಳೆಗಾಲ ಉಳಿಯುತ್ತದೆ. ಉತ್ತರ ಥಾಯ್ಲೆಂಡಿನ ಹ್ಮಾಂಗ್ ಊರುಗಳಿಗೆ ಹೋಗುವವರಿಗೂ ಇದರಲ್ಲಿ ಬಹುಪಾಲು ಒದಗುತ್ತದೆ.

ಹ್ಮಾಂಗರು ತಲೆಮಾರುಗಳಿಂದ ಸಾವಿರ ಮೀಟರಿಗೂ ಮೇಲಿನ ಗುಡ್ಡಗಳಲ್ಲಿ ಬಾಳಿದವರು. ಕಳೆದ ಕೆಲವು ದಶಕಗಳಲ್ಲಿ ಎಷ್ಟೋ ಕುಟುಂಬಗಳು ಕೆಳಗಿನ ಬಯಲಿಗೆ, ರಸ್ತೆಬದಿಗೆ ಇಳಿದುಬಂದಿವೆ. ಮೇಲೆ ಹರಿಯುವ ತೊರೆಯ ನೀರಿತ್ತು, ಇಲ್ಲಿ ತುಂಬಿಟ್ಟ ನೀರು. 200 ಲೀಟರಿನ ಪ್ಲಾಸ್ಟಿಕ್ ಡ್ರಮ್, ಹಿತ್ತಲಿನ ಸಿಮೆಂಟ್ ತೊಟ್ಟಿ, ಹಳೆಯ ಟೈರು, ಕೋಳಿಗೆ ನೀರಿಡುವ ಬಟ್ಟಲು ಎಲ್ಲವೂ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಹೆರಿಗೆಮನೆ. ಮಲೇರಿಯಾ ಈ ಜನಕ್ಕೆ ಹಳೆಯ ಪರಿಚಯ. ರಾತ್ರಿ ಪರದೆಯೊಳಗೆ ಮಲಗಿದರೆ ಸೊಳ್ಳೆಯ ಕೆಲಸ ಮುಗಿಯಿತು ಎಂಬ ತಿಳಿವಳಿಕೆ ಅಲ್ಲಿಂದಲೇ ಬಂದದ್ದು. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲಲ್ಲಿ, ಅದರಲ್ಲೂ ಬೆಳಗಿನ ಮೊದಲ ಹೊತ್ತು ಮತ್ತು ಇಳಿಹಗಲು. 2013ರಲ್ಲಿ ಲಾವೋಸ್‌ನಲ್ಲಿ 44,000ಕ್ಕೂ ಹೆಚ್ಚು ಮಂದಿಗೆ ಡೆಂಗಿ ಬಂದು 95 ಜನ ಸತ್ತರು. ಅಷ್ಟಾದರೂ ಜ್ವರ ಎಂದರೆ ಮಲೇರಿಯಾ, ಸೊಳ್ಳೆ ಎಂದರೆ ರಾತ್ರಿಯದು ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿದೆ.

ಮೊದಲ ಹಂತ ಕಾಗದಪತ್ರ, ಸಹನೆಯ ಬಹುಪಾಲು ಇಲ್ಲೇ ಖರ್ಚಾಗುವುದು. ಪ್ರಾಂತ್ಯದ ಆರೋಗ್ಯ ಇಲಾಖೆ, ಅಲ್ಲಿಂದ ಜಿಲ್ಲಾ ಆರೋಗ್ಯ ಕಚೇರಿ, ಅಲ್ಲಿಂದ ನಾಯ್‌ಬಾನ್ ಅಂದರೆ ಗ್ರಾಮದ ಮುಖ್ಯಸ್ಥರು. ಪತ್ರ ಈ ಕ್ರಮದಲ್ಲೇ ಇಳಿಯಬೇಕು, ಪ್ರತಿ ಮೆಟ್ಟಿಲಲ್ಲೂ ಸಹಿ ಮತ್ತು ಮೊಹರು ಬೀಳಬೇಕು. ಮಾಹಿತಿ ಸಂಗ್ರಹಿಸಿ ಅಧ್ಯಯನ ಮಾಡುವ ಯೋಚನೆಯಿದ್ದರೆ ರಾಷ್ಟ್ರೀಯ ಆರೋಗ್ಯ ಸಂಶೋಧನಾ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಪ್ರಶ್ನಾವಳಿ, ಒಪ್ಪಿಗೆ ಪತ್ರ ಎರಡನ್ನೂ ಲಾವೊ ಭಾಷೆಯಲ್ಲಿ ಮೊದಲೇ ಸಿದ್ಧ ಮಾಡಿಕೊಂಡರೆ ಕಡತ ಹಿಂದಕ್ಕೆ ಬರುವುದು ತಪ್ಪುತ್ತದೆ. ಪತ್ರದಲ್ಲಿ ಒಂದೇ ದಿನಾಂಕ ಬರೆಸಬೇಡಿ. ‘ಇಂಥ ತಿಂಗಳಿಂದ ಇಂಥ ತಿಂಗಳವರೆಗೆ’ ಎಂದೇ ಬರೆಸಿ. ಮಳೆಗೆ ರಸ್ತೆ ಕೆಸರಾಗಿ ದಿನ ಮುಂದಕ್ಕೆ ಹೋದಾಗ ಒಂದೇ ದಿನಾಂಕವಿರುವ ಪತ್ರ ಕೆಲಸಕ್ಕೆ ಬಾರದೆ ಮತ್ತೆ ಮೇಲಿನಿಂದ ಶುರುವಾಗುತ್ತದೆ. ಇನ್ನೊಂದು, ಅಕ್ಷರ ಬಾರದ ಹಿರಿಯರು ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಹಿಂಜರಿಯುತ್ತಾರೆ. ಏನಕ್ಕೆ ಒಪ್ಪಿಕೊಂಡಂತಾಯಿತೋ ಎಂಬ ಅಂಜಿಕೆ ಅದು, ನ್ಯಾಯವಾದದ್ದೇ. ಹ್ಮಾಂಗ್ ಭಾಷೆಯಲ್ಲಿ ಓದಿಹೇಳಿ, ಸಾಕ್ಷಿಯ ಎದುರು ಬಾಯಿಮಾತಿನ ಒಪ್ಪಿಗೆ ಪಡೆಯುವುದಾಗಿ ಅರ್ಜಿಯಲ್ಲೇ ಬರೆದಿಟ್ಟರೆ ಮುಂದೆ ತೊಡಕಿಲ್ಲ.

ಜನವರಿಯಲ್ಲಿ ಕಾಗದ ಶುರುಮಾಡಿದರೆ ಮೇ ಹೊತ್ತಿಗೆ ಹಳ್ಳಿಯಲ್ಲಿರಬಹುದು. ಅದಕ್ಕಿಂತ ತಡವಾದರೆ ಭತ್ತದ ಗದ್ದೆಯ ಕಳೆ ಕೀಳುವ ಕಾಲ ಬಂದು ಮನೆಗಳಲ್ಲಿ ಹಗಲು ಮುದುಕರು, ಮಕ್ಕಳು ಬಿಟ್ಟರೆ ಯಾರೂ ಸಿಗುವುದಿಲ್ಲ. ಹ್ಮಾಂಗ್ ಹೊಸವರ್ಷ ಸುಗ್ಗಿಯ ನಂತರ, ಸಾಮಾನ್ಯವಾಗಿ ಡಿಸೆಂಬರ್ ಸುಮಾರಿಗೆ. ಆ ದಿನಗಳಲ್ಲಿ ಊರೆಲ್ಲ ಸೇರಿರುತ್ತದೆ, ಆದರೆ ಪಾಠ ಕೇಳುವ ಮನಸ್ಸು ಯಾರಿಗೂ ಇರುವುದಿಲ್ಲ.

ನಾಯ್‌ಬಾನ್ ಒಪ್ಪಿದರು ಎಂದರೆ ಊರು ಒಪ್ಪಿತು ಎಂದಲ್ಲ. ಹ್ಮಾಂಗ್ ಸಮಾಜ ಕುಲಗಳ ಮೇಲೆ ನಿಂತಿದೆ: ಸಿಯಾಂಗ್, ವಾಂಗ್, ಯಾಂಗ್, ಲೋರ್, ತಾವ್ ಹೀಗೆ. ಊರಿನಲ್ಲಿರುವ ಪ್ರತಿ ಕುಲದ ಹಿರಿಯರನ್ನೂ ಬೇರೆಬೇರೆಯಾಗಿ ಕಂಡು ಹೇಳಬೇಕು. ಒಬ್ಬರ ಮನೆ ಬಿಟ್ಟುಹೋದರೆ ಆ ಕುಲದ ಮನೆಗಳೆಲ್ಲ ಬಿಟ್ಟುಹೋದಂತೆ. ದುಭಾಷಿಯ ಆಯ್ಕೆಯೂ ಅಷ್ಟೇ ಮುಖ್ಯ. ಬಿಳಿ ಹ್ಮಾಂಗ್, ಹಸಿರು ಹ್ಮಾಂಗ್ ಎಂಬ ಎರಡು ಒಳನುಡಿಗಳಿವೆ. ಊರಿನದು ಯಾವುದೆಂದು ಕೇಳಿಕೊಂಡೇ ದುಭಾಷಿಯನ್ನು ಕರೆತನ್ನಿ. ಮಾವ ಕುಳಿತ ಸಭೆಯಲ್ಲಿ ಸೊಸೆಯಂದಿರು ಹಿಂದಿನ ಸಾಲಿನಲ್ಲಿ ಕೂತು ಬಾಯಿ ಬಿಡುವುದಿಲ್ಲ. ಮನೆಯ ನೀರು ತುಂಬುವವರು, ಮುಚ್ಚುವವರು, ತೊಳೆಯುವವರು ಮಾತ್ರ ಅವರೇ. ಆದ್ದರಿಂದ ಹೆಣ್ಣುಮಕ್ಕಳ ಗುಂಪು ಬೇರೆ, ಅದಕ್ಕೆ ದುಭಾಷಿಯೂ ಹೆಂಗಸೇ ಆಗಬೇಕು. ಲಾವೊ ಮಹಿಳಾ ಒಕ್ಕೂಟದ ಹಳ್ಳಿ ಘಟಕದ ಮೂಲಕ ಕರೆದರೆ ಅವರು ಸಂಕೋಚವಿಲ್ಲದೆ ಬರುತ್ತಾರೆ.

ಮನೆಮನೆ ಸಮೀಕ್ಷೆಗೆ ಇಳಿಯುವ ಮುನ್ನ ಬಾಗಿಲು ನೋಡಿ. ಹಸಿರು ಸೊಪ್ಪಿನ ಕೊಂಬೆಯೋ ಬಿದಿರು ಹೆಣೆದ ಗುರುತೋ ತೂಗುತ್ತಿದ್ದರೆ ಆ ಮನೆಯಲ್ಲಿ ಬಾಣಂತಿಯೋ ಪೂಜೆಯ ನಿಷೇಧವೋ ಇದೆ, ಹೊರಗಿನವರು ಒಳಗೆ ಕಾಲಿಡಬಾರದು. ಪಟ್ಟಿಯಲ್ಲಿ ಗುರುತು ಹಾಕಿಕೊಂಡು ಇನ್ನೊಮ್ಮೆ ಹೋಗಬೇಕು. ಮುಂಬಾಗಿಲಿಗೆ ಎದುರಿನ ಗೋಡೆಯಲ್ಲಿ ಮನೆದೇವರ ಪೀಠವಿರುತ್ತದೆ, ಅದನ್ನು ಮುಟ್ಟುವಂತಿಲ್ಲ. ಅಲ್ಲಿ ನೀರಿನ ಬಟ್ಟಲಿದ್ದರೆ ವಾರಕ್ಕೊಮ್ಮೆ ಬದಲಿಸುವ ಮಾತನ್ನು ಯಜಮಾನರ ಕಿವಿಗೆ ಮಾತ್ರ ಹಾಕಿದರೆ ಸಾಕು.

ಸಮೀಕ್ಷೆಯ ಚೀಲದಲ್ಲಿ ಬೇಕಾದದ್ದು: ಟಾರ್ಚ್, ಬಿಳಿ ಪಿಂಗಾಣಿ ತಟ್ಟೆ, ಉದ್ದ ಹಿಡಿಯ ಸೌಟು, 3 ಮಿ.ಲೀ. ಪ್ಲಾಸ್ಟಿಕ್ ಡ್ರಾಪರ್, 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಮುಚ್ಚಳವಿರುವ ಬಾಟಲಿಗಳು. ಡ್ರಮ್ಮಿನ ಮೇಲೆ ನೆರಳು ಬಿದ್ದರೂ, ಅಂಚು ಅಲುಗಿದರೂ ಲಾರ್ವಾಗಳು, ಅಂದರೆ ಸೊಳ್ಳೆಯ ಮರಿಹುಳುಗಳು, ತಳಕ್ಕೆ ಇಳಿಯುತ್ತವೆ. ಮೆಲ್ಲನೆ ನಿಂತು ಒಂದೆರಡು ನಿಮಿಷ ಕಾಯಬೇಕು, ಉಸಿರಿಗಾಗಿ ಅವು ಮೇಲೆ ಬಂದೇ ಬರುತ್ತವೆ. ಈಡಿಸ್ ಲಾರ್ವಾ ನೀರಿನ ಮೇಲ್ಮೈಯಿಂದ ತಲೆಕೆಳಗಾಗಿ ಓರೆಯಾಗಿ ತೂಗುತ್ತದೆ, ಬೆಳಕು ಬಿದ್ದರೆ ಹಾವಿನಂತೆ ಬಳುಕಿ ಓಡುತ್ತದೆ. ಮಲೇರಿಯಾ ಹರಡುವ ಅನಾಫಿಲಿಸ್ ಲಾರ್ವಾ ಮೇಲ್ಮೈಗೆ ಸಮನಾಗಿ ಮಲಗಿರುತ್ತದೆ. ಈ ಒಂದು ವ್ಯತ್ಯಾಸವನ್ನು ಬಾಟಲಿ ಕೈಗೆ ಕೊಟ್ಟು ತೋರಿಸಿದರೆ ಶಾಲೆ ಮೆಟ್ಟಿಲು ಹತ್ತದ ಅಜ್ಜಿಯೂ ಗುರುತಿಸುತ್ತಾರೆ.

ಎಣಿಕೆಗೆ ಬ್ರೆಟೊ ಸೂಚ್ಯಂಕ ಸಾಕು: 100 ಮನೆಗೆ ಲಾರ್ವಾ ಸಿಕ್ಕ ಪಾತ್ರೆಗಳೆಷ್ಟು ಎಂಬ ಲೆಕ್ಕ. 50 ಮನೆಗಳಲ್ಲಿ ಅಂಥ 18 ಪಾತ್ರೆ ಸಿಕ್ಕರೆ ಸೂಚ್ಯಂಕ 36. ಜತೆಗೆ ಪಾತ್ರೆಯ ಜಾತಿಯನ್ನೂ ಬರೆದುಕೊಳ್ಳಿ. ರಬ್ಬರ್ ತೋಟದಲ್ಲಿ ಕೂಲಿ ಮಾಡುವ ಮನೆಗಳಿದ್ದರೆ ತೋಟಕ್ಕೂ ಹೋಗಿ ನೋಡಿ. ಹಾಲು ಇಳಿಸದ ದಿನಗಳಲ್ಲಿ ಮರಕ್ಕೆ ಕಟ್ಟಿದ ಬಟ್ಟಲುಗಳಲ್ಲಿ ಮಳೆನೀರು ನಿಂತು, ಡೆಂಗಿ ಹರಡುವ ಇನ್ನೊಂದು ಸೊಳ್ಳೆ ಈಡಿಸ್ ಆಲ್ಬೊಪಿಕ್ಟಸ್ ಅಲ್ಲಿ ಮರಿಮಾಡುತ್ತದೆ. ಬಟ್ಟಲು ಬೋರಲು ಹಾಕುವುದೇ ಅದಕ್ಕೆ ಮದ್ದು.

ತಿಳಿವಳಿಕೆ ಅಳೆಯುವ ಪ್ರಶ್ನೆಗಳಲ್ಲಿ ಒಂದು ಎಚ್ಚರ ಬೇಕು. ಅತಿಥಿಗೆ ‘ಅಲ್ಲ’ ಎನ್ನಲು ಮನಸ್ಸು ಬಾರದೆ ಜನ ಎಲ್ಲದಕ್ಕೂ ‘ಹೌದು’ ಎನ್ನುತ್ತಾರೆ. ಆದ್ದರಿಂದ ಹೇಳಿಕೆಗಳಲ್ಲಿ ಅರ್ಧ ತಪ್ಪಾಗಿರಬೇಕು. ಬರೆಯುವ ಪರೀಕ್ಷೆಯ ಬದಲು ಚಿತ್ರದ ಕಾರ್ಡು, ‘ಹೌದು’, ‘ಅಲ್ಲ’ ಎಂಬ ಎರಡು ಬುಟ್ಟಿ, ಕೈಗೊಂದಿಷ್ಟು ಕಲ್ಲು ಕೊಡಿ. ‘ಪೂರ್ತಿ ಒಪ್ಪುತ್ತೇನೆ, ಸ್ವಲ್ಪ ಒಪ್ಪುತ್ತೇನೆ’ ಎಂಬ ಐದು ಮೆಟ್ಟಿಲಿನ ಪ್ರಶ್ನೆಗಳು ಇಲ್ಲಿ ನಡೆಯುವುದಿಲ್ಲ.

ಪಾಠ ಶುರುವಾಗುವುದು ಸಂಜೆ, ಊಟ ಮುಗಿದ ಮೇಲೆ. ಕತ್ತಲಾದದ್ದು ಒಳ್ಳೆಯದೇ. ಪಾರದರ್ಶಕ ಜಾಡಿಯ ಹಿಂದೆ ಟಾರ್ಚ್ ಹಿಡಿದರೆ ಲಾರ್ವಾದ ಕೂದಲು, ಉಸಿರುನಳಿಗೆ ಕೂಡ ಕಾಣುತ್ತವೆ. ಅದೇ ಊರಿನ, ಅಲ್ಲೇ ಕುಳಿತವರ ಡ್ರಮ್ಮಿನ ಲಾರ್ವಾಗಳನ್ನೇ ಜಾಡಿಗೆ ಹಾಕಬೇಕು. ಬೇರೆಡೆಯಿಂದ ತಂದರೆ ಹೊರಗಿನವರ ಸೊಳ್ಳೆ ಎಂದಾಗುತ್ತದೆ. ಆದರೆ ಯಾರ ಮನೆಯದೆಂದು ಸಭೆಯಲ್ಲಿ ಹೇಳಬಾರದು, ಮುಖ ಕೆಡಿಸಿದಂತಾಗುತ್ತದೆ. ಹಲವು ಮನೆಯದನ್ನು ಬೆರೆಸಿಬಿಡಿ.

ಜಾಡಿ ಸಾಕುವ ಕ್ರಮ ಹೀಗೆ. ಒಂದು ಲೀಟರಿನ ಜಾಡಿಗೆ ಮುಕ್ಕಾಲು ಭಾಗ ಅದೇ ಡ್ರಮ್ಮಿನ ನೀರು, 15–20 ಬೆಳೆದ ಲಾರ್ವಾ, ಚಿಟಿಕೆಯ ಕಾಲುಭಾಗ ಅಕ್ಕಿತವುಡು. ತವುಡು ಹೆಚ್ಚಾದರೆ ಮೇಲೆ ಕೆನೆಗಟ್ಟಿ ಲಾರ್ವಾಗಳು ಉಸಿರುಕಟ್ಟಿ ಸಾಯುತ್ತವೆ. ಜಾಡಿಯ ಪಾಠ ಹಾಳಾಗುವುದು ಹೆಚ್ಚಾಗಿ ಇದರಿಂದಲೇ. ಬಾಯಿಗೆ ಎರಡು ಪದರ ಸೊಳ್ಳೆಪರದೆ, ಎರಡು ರಬ್ಬರ್ ಬ್ಯಾಂಡ್. ನೆರಳಿನಲ್ಲಿ, ನಾಯಿ-ಕೋಳಿಗೆ ಎಟುಕದ ಕಡೆ ಇಡಿ. ಬಿಸಿಲಿಗಿಟ್ಟರೆ ನೀರು ಕಾದು ಎಲ್ಲ ಸಾಯುತ್ತವೆ. ಲಾರ್ವಾ ಅಲ್ಪವಿರಾಮದ ಆಕಾರದ ಪ್ಯೂಪಾ, ಅಂದರೆ ಕೋಶ ಆಗಿ, ಸುಮಾರು ಎರಡು ದಿನಕ್ಕೆ ಬೆನ್ನು ಸೀಳಿ ಸೊಳ್ಳೆ ಹೊರಬರುತ್ತದೆ. ಕಾಲಿನ ಬಿಳಿ ಪಟ್ಟೆಗಳನ್ನು ಎಲ್ಲರೂ ನೋಡಿದ ಮೇಲೆ ಸಾಬೂನು ನೀರನ್ನು ಪರದೆಯ ಮೂಲಕವೇ ಸುರಿದು ಕೊಲ್ಲಬೇಕು. ಪರದೆ ತೆಗೆದು ತೋರಿಸುವ ಉತ್ಸಾಹ ಬೇಡ. ಜಾಡಿಯ ಉಸ್ತುವಾರಿಗೆ ಹತ್ತು-ಹನ್ನೆರಡರ ಪ್ರಾಯದ ಮಗುವೊಂದನ್ನು ನೇಮಿಸಿ. ದಿನವೂ ಅಲ್ಲಿ ಏನು ಬದಲಾಯಿತೆಂದು ಮನೆಯವರೆಲ್ಲರಿಗೂ ಆ ಮಗುವೇ ಹೇಳುತ್ತದೆ.

ಇನ್ನು ಮೊಟ್ಟೆಯ ಪಾಠ. ಈ ತರಬೇತಿಯಲ್ಲಿ ಒಂದನ್ನೇ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ. ಕಪ್ಪು ಬಣ್ಣದ ಪ್ಲಾಸ್ಟಿಕ್ ಲೋಟ, ಅದರಲ್ಲಿ 300 ಮಿ.ಲೀ. ನೀರು, ಒಳಗೋಡೆಗೆ ಒರಟು ಬಟ್ಟೆಯದೋ ದಪ್ಪ ಕಾಗದದ್ದೋ ಬೆರಳಗಲದ ಪಟ್ಟಿ, ಅರ್ಧ ನೀರಿನಲ್ಲಿ, ಅರ್ಧ ಮೇಲೆ. ಮಳೆನೀರು ತುಂಬಿ ಪಟ್ಟಿ ಮುಳುಗದಂತೆ ನೀರಿನ ಮಟ್ಟಕ್ಕಿಂತ ಒಂದು ಬೆರಳು ಮೇಲೆ ಲೋಟಕ್ಕೆ ತೂತಿರಲಿ. ಮನೆಯ ಸೂರಿನ ಕೆಳಗೆ, ನೆರಳಲ್ಲಿ, ನೆಲದ ಬಳಿ ಇಡಬೇಕು. ಐದನೆಯ ದಿನ ತೆಗೆಯಲೇಬೇಕು. ವಾರ ದಾಟಿದರೆ ನಾವೇ ಇಟ್ಟ ಲೋಟದಿಂದ ಸೊಳ್ಳೆ ಹೊರಡುತ್ತದೆ. ಯಾವ ಮನೆಯಲ್ಲಿ ಎಷ್ಟು ಲೋಟ ಇಟ್ಟಿದೆ ಎಂದು ಬರೆದು, ಅಷ್ಟೂ ಹಿಂದಕ್ಕೆ ಬಂದಿದೆಯೇ ಎಂದು ಎಣಿಸಿಕೊಳ್ಳಿ.

ಪಟ್ಟಿಯ ಮೇಲೆ, ನೀರಿನ ಗೆರೆಗೆ ತುಸು ಮೇಲೆ, ಒಂದು ಮಿಲಿಮೀಟರೂ ಇಲ್ಲದ ಕಪ್ಪು ಚುಕ್ಕೆಗಳ ಸಾಲು. ಬರಿಗಣ್ಣಿಗೆ ಮಸಿಯ ಪುಡಿ. ಭೂತಗನ್ನಡಿ ಹಿಡಿದರೆ ಎರಡೂ ತುದಿ ಚೂಪಾದ, ಹೊಳೆಯುವ ಮೊಟ್ಟೆಗಳು. ಪಟ್ಟಿಯನ್ನು ಎರಡು-ಮೂರು ದಿನ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಆಮೇಲೆ ಎಲ್ಲರ ಕಣ್ಣೆದುರೇ ನೆರಳಲ್ಲಿ ಒಣಗಿಸಿ. ಇಲ್ಲಿ ಆತುರಪಟ್ಟು ತಕ್ಷಣ ಒಣಗಿಸಿದರೆ ಒಳಗಿನ ಭ್ರೂಣ ಬಲಿತಿರುವುದಿಲ್ಲ, ಮೊಟ್ಟೆ ಚಪ್ಪಟೆಯಾಗಿ ಸಾಯುತ್ತದೆ, ಪಾಠವೇ ತಲೆಕೆಳಗಾಗುತ್ತದೆ. ಸರಿಯಾಗಿ ಒಣಗಿದ ಪಟ್ಟಿಯನ್ನು ಮುಂದಿನ ಸಭೆಯಲ್ಲಿ ಜನರ ಕೈಗೇ ಕೊಟ್ಟು, ನೀರಿಗೆ ಹಾಕಿಸಿ. ಹಿಂದಿನ ದಿನ ಒಣಹುಲ್ಲು ನೆನೆಸಿಟ್ಟ ನೀರಾದರೆ ಒಳ್ಳೆಯದು. ಅದರಲ್ಲಿ ಆಮ್ಲಜನಕ ಕಡಿಮೆಯಿದ್ದು ಮೊಟ್ಟೆ ಬೇಗ ಒಡೆಯುತ್ತದೆ. ಸಭೆ ಮುಗಿಯುವಷ್ಟರಲ್ಲೇ ಕೆಲವೊಮ್ಮೆ ಎಳೆಯ ಲಾರ್ವಾಗಳು ನೂಲಿನ ತುಣುಕಿನಂತೆ ಕದಲತೊಡಗುತ್ತವೆ, ಇಲ್ಲದಿದ್ದರೆ ಮರುದಿನ ಬೆಳಿಗ್ಗೆ. ಒಣಗಿ ಸತ್ತದ್ದೆಂದು ತಾವೇ ಕೈಯಲ್ಲಿ ಹಿಡಿದಿದ್ದ ಪಟ್ಟಿಯಿಂದ ಅವು ಎದ್ದುಬಂದಾಗ ಸಭೆಯಲ್ಲಿ ಏಳುವ ಗದ್ದಲಕ್ಕೆ ದುಭಾಷಿ ಬೇಕಾಗುವುದಿಲ್ಲ. ಮೊಟ್ಟೆ ಒಣಗಿದ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿರುತ್ತದೆ, ನೀರು ಚೆಲ್ಲಿದರೆ ಸಾಲದು, ಉಜ್ಜಬೇಕು ಎಂಬುದನ್ನು ಆಮೇಲೆ ಹೇಳಿಕೊಡಬೇಕಾಗಿಯೇ ಇಲ್ಲ. ಕರ್ನಾಟಕದಲ್ಲಿ ಲಾರ್ವಾ ಸಮೀಕ್ಷೆಗೆ ಮನೆಮನೆ ಅಲೆಯುವ ಆಶಾ ಕಾರ್ಯಕರ್ತೆಯರಿಗೂ ಈ ಪಟ್ಟಿ ಕೊಡಬೇಕೆಂದು ಬಲವಾಗಿ ಅನ್ನಿಸುತ್ತದೆ. ಸೊಳ್ಳೆಯೂ ಅದೇ, ನೀಲಿ ಡ್ರಮ್ಮೂ ಅದೇ.

ಉಜ್ಜುವುದಕ್ಕೂ ಕ್ರಮವಿದೆ. ಗುಡ್ಡದ ಮೇಲಿನಿಂದ ಕೊಳವೆಯಲ್ಲಿ ಇಳಿಯುವ ನೀರು ಎಲ್ಲ ದಿನ ಬರುವುದಿಲ್ಲ, 200 ಲೀಟರ್ ಚೆಲ್ಲಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಡ್ರಮ್ ತಳ ಕಂಡ ಸಂಜೆ, ಮತ್ತೆ ತುಂಬುವ ಮುನ್ನ ಉಜ್ಜಬೇಕು. ಗಟ್ಟಿ ನಾರಿನ ಬ್ರಷ್ ಬೇಕು, ಬಟ್ಟೆಯಿಂದ ಒರೆಸಿದರೆ ಮೊಟ್ಟೆ ಬಿಡುವುದಿಲ್ಲ. ನೀರಿನ ಕಲೆ ಬಿದ್ದ ಗೆರೆಗಳ ಮೇಲೆ, ಅಂಚಿನ ಮಡಿಕೆಯ ಒಳಗೆ ಒತ್ತಿ ಉಜ್ಜಿ. ಆ ನೀರನ್ನು ಒಣನೆಲಕ್ಕೆ ಚೆಲ್ಲಬೇಕು, ಚರಂಡಿಗೋ ಇನ್ನೊಂದು ಪಾತ್ರೆಗೋ ಅಲ್ಲ. ವಾರಕ್ಕೊಮ್ಮೆ ಆದರೆ ಸಾಕು: ಮೊಟ್ಟೆ ಒಡೆದು ಸೊಳ್ಳೆ ಹಾರಲು ಬೆಚ್ಚನೆಯ ದಿನಗಳಲ್ಲಿ ಏಳರಿಂದ ಹತ್ತು ದಿನ ಬೇಕು.

ಮುಚ್ಚಳದ ವಿಷಯದಲ್ಲಿ ಹ್ಮಾಂಗ್ ಹೆಣ್ಣುಮಕ್ಕಳ ಹೊಲಿಗೆ ಒದಗಿಬಂತು. ತಗಡೋ ಹಲಗೆಯೋ ಅರೆಮುಚ್ಚಿದ ಡ್ರಮ್ ಸೊಳ್ಳೆಗೆ ಇನ್ನೂ ಪ್ರಿಯ: ಒಳಗೆ ಕತ್ತಲು, ತಂಪು, ನುಗ್ಗಲು ಸಂದಿ. ಡ್ರಮ್ಮಿನ ಬಾಯಿ ಸುಮಾರು 58 ಸೆಂ.ಮೀ. ಪರದೆಬಟ್ಟೆಯನ್ನು 85 ಸೆಂ.ಮೀ. ಅಡ್ಡಳತೆಗೆ ದುಂಡಗೆ ಕತ್ತರಿಸಿ, ಅಂಚು 2 ಸೆಂ.ಮೀ. ಮಡಿಸಿ ಹೊಲಿದು, 140 ಸೆಂ.ಮೀ. ಎಲಾಸ್ಟಿಕ್ ತೂರಿಸಬೇಕು. ಬಟ್ಟೆ ಜೋತುಬಿದ್ದು ನೀರಿಗೆ ತಾಗಿದರೆ ಒದ್ದೆ ಬಟ್ಟೆಯ ಮೇಲೆಯೇ ಮೊಟ್ಟೆ ಬೀಳುತ್ತದೆ, ಆದ್ದರಿಂದ ಬಿಗಿಯಾಗಿರಲಿ, ನೀರು ಅಂಚಿಗಿಂತ ಒಂದು ಗೇಣು ಕೆಳಗಿರಲಿ. ಹತ್ತಿಬಟ್ಟೆಗಿಂತ ಪರದೆಬಟ್ಟೆ ಮೇಲು. ಸೂರಿನ ಮಳೆನೀರು ಅದರ ಮೂಲಕವೇ ಇಳಿಯುವುದರಿಂದ ಮಳೆ ಬಂದಾಗ ತೆಗೆದಿಡುವ ನೆಪ ಇರುವುದಿಲ್ಲ. ತಂಬಿಗೆ ಅದ್ದಲು ಪದೇಪದೇ ತೆಗೆದು ಹಾಕುವಾಗ ಎಲಾಸ್ಟಿಕ್ ಸಡಿಲವಾಗುತ್ತದೆ. ಹೊಲಿಯುವಾಗಲೇ ಬದಲಿಸುವ ಸಂದಿ ಬಿಡಿಸಿ.

ಖಾಲಿ ಮಾಡಲಾಗದ ತೊಟ್ಟಿಗೆ ಲಾರ್ವಾ ತಿನ್ನುವ ಗಪ್ಪಿ ಮೀನು, 200 ಲೀಟರಿಗೆ ನಾಲ್ಕೈದು. ಕುಡಿಯುವ ನೀರಿಗೆ ಮೀನು ಬಿಡಲು ಜನ ಒಪ್ಪುವುದಿಲ್ಲ, ಒತ್ತಾಯ ಬೇಡ. ತೊರೆಗೆ ಬಿಡದಂತೆಯೂ ಹೇಳಿ. ಲಾರ್ವಾ ಕೊಲ್ಲುವ ಮದ್ದಾದ ಟೆಮಿಫಾಸ್ 1% ಮರಳು 100 ಲೀಟರಿಗೆ 10 ಗ್ರಾಂ, ಅಂದರೆ ಡ್ರಮ್ಮಿಗೆ 20 ಗ್ರಾಂ. ತೂಕದ ತಕ್ಕಡಿಯಲ್ಲಿ ಒಮ್ಮೆ ಅಳೆದು, ಅದು ಎಷ್ಟು ಚಮಚವೆಂದು ಆ ಮನೆಯ ಚಮಚದಲ್ಲೇ ತೋರಿಸಿ. ಇದು ಪ್ಯೂಪಾವನ್ನು ಅಷ್ಟಾಗಿ ಕೊಲ್ಲುವುದಿಲ್ಲ, ಲಾವೋಸ್‌ನ ಈಡಿಸ್‌ಗಳಲ್ಲಿ ಇದಕ್ಕೆ ನಿರೋಧವೂ ಕಂಡಿದೆ. ಬ್ರಷ್ಷಿನ ಜಾಗವನ್ನು ಮದ್ದು ತುಂಬಲಾರದು.

ಜ್ವರ ಬಂದಾಗ ಏನು ಮಾಡಬೇಕೆಂಬ ಪಾಠಕ್ಕೆ ಏಳು ಗಂಟು ಹಾಕಿದ ಹಗ್ಗ ಸಾಕು, ಗಂಟಿಗೊಂದು ದಿನ. ಮೂರರಿಂದ ಏಳನೇ ದಿನದ ನಡುವೆ ಜ್ವರ ಇಳಿಯುತ್ತದೆ, ಅಪಾಯ ಶುರುವಾಗುವುದು ಆಗಲೇ. ಆ ಗಂಟುಗಳಿಗೆ ಕೆಂಪು ನೂಲು ಸುತ್ತಿಸಿ. ತಡೆಯಲಾಗದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನ ರಕ್ತ, ಮಂಕು, ಆರು ಗಂಟೆ ಮೂತ್ರವಿಲ್ಲದಿರುವುದು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆ. ಮಗುವಿಗೆ ಪ್ಯಾರಾಸಿಟಮಾಲ್ ತೂಕದ ಕಿಲೋಗೆ 10 ಮಿ.ಗ್ರಾಂ, ಆರು ಗಂಟೆಗೊಮ್ಮೆಗಿಂತ ಹೆಚ್ಚಿಲ್ಲ. ಒಂದು ಪೊಟ್ಟಣ ಓಆರ್‌ಎಸ್ ಒಂದು ಲೀಟರ್ ನೀರಿಗೆ. ಅಳತೆಯ ಬಾಟಲಿ ಹಿಡಿದು ಅವರೇ ಕಲಸಲಿ. ಅಂಗಡಿಗಳಲ್ಲಿ ಹೆಸರಿಲ್ಲದ ನಾಲ್ಕೈದು ಬಣ್ಣದ ಮಾತ್ರೆಗಳ ಪೊಟ್ಟಣ ಸಿಗುತ್ತದೆ. ಅದರಲ್ಲಿ ಆಸ್ಪಿರಿನ್, ಐಬುಪ್ರೊಫೆನ್‌ನಂಥವು ಇರಬಹುದು, ರಕ್ತಸ್ರಾವ ಹೆಚ್ಚುತ್ತದೆ. ಬೆರಳ ತುದಿಗೆ ಸೂಜಿ ಚುಚ್ಚಿ ಕೆಟ್ಟ ರಕ್ತ ತೆಗೆಯುವ ಮನೆಮದ್ದನ್ನೂ ಈ ಜ್ವರದಲ್ಲಿ ಮಾತ್ರ ಬಿಡಲು ಕೇಳಿಕೊಳ್ಳಬೇಕು.

ಆಸ್ಪತ್ರೆಯಲ್ಲಿ ರಕ್ತ ತೆಗೆಯುತ್ತಾರೆಂಬ ಭಯ ದೊಡ್ಡದು, ಅದರಲ್ಲೂ ಪ್ಲೇಟ್‌ಲೆಟ್ ನೋಡಲು ದಿನವೂ ತೆಗೆದಾಗ. 20 ಕಿಲೋ ಮಗುವಿನ ಮೈಯಲ್ಲಿ ಸುಮಾರು ಒಂದೂವರೆ ಲೀಟರ್ ರಕ್ತವಿರುತ್ತದೆ. ಅಷ್ಟು ಕೆಂಪು ನೀರು ತುಂಬಿದ ಬಾಟಲಿಯ ಪಕ್ಕ 2 ಮಿ.ಲೀ. ಸಿರಿಂಜ್ ಇಟ್ಟು, ತಂದೆತಾಯಿಯೇ ಅದರಿಂದ ಎಳೆದು ನೋಡಿದ ಮೇಲೆ ಪ್ರಶ್ನೆಗಳು ಕಡಿಮೆಯಾದವು. ತ್ಸಿ ನೆಂಗ್ ಎಂಬ ಪೂಜಾರಿಯನ್ನು ಮೊದಲ ದಿನವೇ ಕರೆಯಬೇಕು. ಆತ್ಮವನ್ನು ಮರಳಿ ಕರೆಯುವ ವಿಧಿ ಅವರ ಕೆಲಸ, ದ್ರವ ಕೊಡುವುದು ಆಸ್ಪತ್ರೆಯ ಕೆಲಸ, ಎರಡಕ್ಕೂ ಜಗಳವಿಲ್ಲ. ಕೆಂಪು ನೂಲಿನ ಗಂಟು ಬಂದಾಗ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ, ವಿಧಿ ಆಮೇಲೂ ಆಗುತ್ತದೆ ಎಂದು ಅವರ ಬಾಯಿಂದ ಬಂದರೆ ನಮ್ಮ ನೂರು ಮಾತಿಗೆ ಸಮ.

ಖರ್ಚಿನ ಬಗ್ಗೆ: ಜಾಡಿ, ಲೋಟ, ಬ್ರಷ್, ಪರದೆಬಟ್ಟೆ ಅಗ್ಗ. ಹಣ ಹೋಗುವುದು ಡೀಸೆಲ್‌ಗೆ, ದುಭಾಷಿಗಳ ದಿನಗೂಲಿಗೆ, ಜತೆಗೆ ಬರುವ ಅಧಿಕಾರಿಗಳ ದಿನಭತ್ಯೆಗೆ, ಸಭೆಯ ಊಟಕ್ಕೆ. ಲೋಟ ಹಿಂಪಡೆಯಲು, ಪಟ್ಟಿ ಒಣಗಿಸಲು ಬೇಕಾಗುವ ಮರುಪ್ರಯಾಣಗಳನ್ನು ಲೆಕ್ಕಕ್ಕೆ ಮೊದಲೇ ಸೇರಿಸಿ.

ಕೊನೆಯ ಎಣಿಕೆಯಲ್ಲಿ ಸೂಚ್ಯಂಕ ಇಳಿದರೆ ತಕ್ಷಣ ಹಿಗ್ಗಬೇಡಿ. ಮಳೆ ನಿಂತಾಗ ಅದು ತಾನಾಗಿಯೂ ಇಳಿಯುತ್ತದೆ. ಪಾಠ ನಡೆಯದ ಹತ್ತಿರದ ಊರೊಂದನ್ನು ಅದೇ ವಾರ ಎಣಿಸಿ ಹೋಲಿಸಿ, ಎಣಿಕೆ ಮುಗಿದ ಮೇಲೆ ಆ ಊರಿಗೂ ಪಾಠ ಕೊಡಲೇಬೇಕು. ಬಾಯಿಂದ ಬಂದ ಸರಿಯುತ್ತರಕ್ಕಿಂತ, ‘ಈ ಡ್ರಮ್ ಉಜ್ಜಿ ತೋರಿಸಿ’ ಎಂದಾಗ ಕೈ ನೀರಿನ ಗೆರೆಗೆ ಹೋಗುತ್ತದೆಯೇ ಎಂಬುದನ್ನು ಅಂಕಪಟ್ಟಿಯಲ್ಲಿ ಬರೆಯಿರಿ.

ಮಳೆ ಮುಗಿದ ಮೇಲೆ ಖಾಲಿ ತೊಟ್ಟಿಗಳ ಗೋಡೆಯಲ್ಲಿ ಉಳಿದ ಮೊಟ್ಟೆಗಳು ಮುಂದಿನ ಮಳೆಯ ಮೊದಲ ನೀರಿಗೇ ಒಡೆಯುತ್ತವೆ. ಆದ್ದರಿಂದ ಏಪ್ರಿಲ್‌ನಲ್ಲಿ, ಮಳೆಗೆ ಮುಂಚೆ, ಊರಿಗೇ ಒಂದು ಉಜ್ಜುವ ದಿನ ಗೊತ್ತುಮಾಡಬೇಕು. ಬ್ರಷ್, ಭೂತಗನ್ನಡಿ, ಕಪ್ಪು ಲೋಟಗಳನ್ನು ನಾಯ್‌ಬಾನ್ ಮನೆಯಲ್ಲಿ ಬಿಟ್ಟು, ಯಾರು ಯಾವ ಸಾಲಿನ ಮನೆಗಳನ್ನು ನೋಡುತ್ತಾರೆಂದು ಕುಲದ ಹಿರಿಯರಿಂದಲೇ ಹಂಚಿಸಿ, ಆ ಪಟ್ಟಿಯ ಒಂದು ಪ್ರತಿಯನ್ನು ಜಿಲ್ಲಾ ಆರೋಗ್ಯ ಕಚೇರಿಗೆ ಕೊಟ್ಟು ಬನ್ನಿ.